ಗದ್ದಲವೆಂದು ತೆಗೆದಿಟ್ಟ ದನಿ

ಕಾವಲುಹಟ್ಟಿ, ಘಟಪ್ರಭೆಯ ಹಳೆಯ ದಂಡೆ.
ಹಟ್ಟಿ ಕಟ್ಟಿದ ನೂರಾ ಐವತ್ತನೆಯ ವರ್ಷ, ಕಾರ ಹುಣ್ಣಿಮೆ ಕಳೆದ ಮೂರನೆಯ ಬೆಳಗು. ನಿಮ್ಮ ಎಣಿಕೆಯಲ್ಲಿ ಎರಡು ಸಾವಿರದ ನೂರಾ ಎಂಬತ್ತೆಂಟನೆಯ ಇಸವಿ.

ಪಶುಸಖಿ ಮಾಲನಬಿ ಅವರಿಗೆ, ಸಾವಂತ್ರಿ ಮಾಡುವ ಶರಣು.

ಮೇಲಿನ ತಾರೀಖು ನೋಡಿ ಯಾರೋ ಕುಚೇಷ್ಟೆ ಮಾಡಿದ್ದಾರೆಂದು ಈ ಕಾಗದವನ್ನು ಮಡಚಿ ಚೀಲಕ್ಕೆ ಹಾಕಬೇಡಿ. ನಿಮಗೂ ನನಗೂ ನಡುವೆ ನೂರಾ ಅರವತ್ತು ವರ್ಷಗಳಿವೆ. ನಾನು ಹುಟ್ಟುವ ಹೊತ್ತಿಗೆ ನಿಮ್ಮ ಮೊಮ್ಮಕ್ಕಳೂ ಹಣ್ಣಾಗಿದ್ದರು. ನನ್ನ ಕನ್ನಡ ನಿಮಗೆ ವಿಚಿತ್ರವಾಗಿ ಕೇಳಿದರೆ ಕ್ಷಮಿಸಿ. ನಮ್ಮ ಮಾತು ಈಗ ಬೇರೆಯಾಗಿದೆ. ನಿಮ್ಮ ಕಾಲದ ಮಾತನ್ನು ನಾನು ಒಂದೇ ಒಂದು ಮನೆಯಿಂದ ಕಲಿತೆ, ಅದರಲ್ಲೂ ಆ ಮನೆಯ ಕೊಟ್ಟಿಗೆಯಿಂದ. ಹಾಗಾಗಿ ನನ್ನ ಪದಗಳಿಗೆ ಸಗಣಿಯ, ಹಿಂಡಿಯ ವಾಸನೆ ಇದ್ದರೆ ಅದು ನನ್ನ ತಪ್ಪಲ್ಲ.

ನಿಮ್ಮ ದನಿ ನನಗೆ ಗೊತ್ತು. ಹನ್ನೆರಡು ನಿಮಿಷ ಮಾತ್ರ ಕೇಳಿದ್ದೇನೆ, ಆದರೆ ಎಷ್ಟು ಸಲ ಕೇಳಿದೆನೆಂದು ಹೇಳಲಾರೆ. ನಿಮ್ಮ ಚಪ್ಪಲಿ ಹೊಸದು, ನಡೆದಾಗ ಕಿರ್ ಎನ್ನುತ್ತದೆ. ಚೀಲದ ಜಿಪ್ಪು ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಕರಿಹೊಂಡ ಎಂಬ ಊರಿನಲ್ಲಿ ರಾಯಗೊಂಡಪ್ಪ ಎನ್ನುವವರ ಅಂಗಳದಲ್ಲಿ ನಿಂತು ನಾನು ಪಶುಸಖಿ ಮಾಲನಬಿ, ಜಾನುವಾರು ಎಣಿಕೆಗೆ ಬಂದಿದ್ದೇನೆ ಎಂದು ಹೇಳುತ್ತೀರಿ. ಆ ಬೆಳಗು ನಿಮಗಿನ್ನೂ ಬಂದಿಲ್ಲ. ನಮಗೆ ಅದು ಯಾವಾಗಲೋ ಕಳೆದುಹೋಗಿದೆ. ಅದರ ವಿಷಯ ಕೊನೆಗೆ ಹೇಳುತ್ತೇನೆ. ಮೊದಲು ನಾನೆಲ್ಲಿದ್ದೇನೆ ಎಂಬುದು ನಿಮಗೆ ತಿಳಿಯಬೇಕು.

ನಿಮ್ಮ ದಿನಗಳಾಗಿ ಹತ್ತು ವರ್ಷದೊಳಗೆ ಗಂಟಲುಬೇನೆ ಬಂತು. ಎಮ್ಮೆಯ ಗಂಟಲು ಬಾತು, ಮೂರನೆಯ ದಿನಕ್ಕೆ ಮೂಗಿನಿಂದ ನೊರೆ ಸುರಿದು ಸಾಯುವ ರೋಗ ಅದು. ಒಂದು ಮಳೆಗಾಲ ಮುಗಿಯುವುದರೊಳಗೆ ಈ ಸೀಮೆಯಲ್ಲಿ ಎಮ್ಮೆ ಎಂಬುದೇ ಉಳಿಯಲಿಲ್ಲ. ಉಳಿದದ್ದು ಏಳು ಎಮ್ಮೆಗಳು ಮತ್ತು ಅವುಗಳ ಕರುಗಳು. ಹೊರಗಿನ ಗಾಳಿ ಸೋಕದಂತೆ ಗೋಡೆ ಕಟ್ಟಿದ್ದ ಒಂದು ತಳಿ ಕೇಂದ್ರದಲ್ಲಿ ಅವು ಇದ್ದವು. ಆ ಗೋಡೆಯೇ ಬೆಳೆದು ಕಾವಲುಹಟ್ಟಿ ಆಯಿತು. ನಾವು ಆರು ಸಾವಿರ ಜನ ಇದರೊಳಗಿದ್ದೇವೆ. ಹೊರಗಿನ ಬಿಸಿಲು ತಡೆಯಲಾರದ್ದು, ಆದ್ದರಿಂದ ನಮ್ಮ ಮನೆಗಳೂ ಕೊಟ್ಟಿಗೆಗಳೂ ಅರ್ಧ ನೆಲದೊಳಗಿವೆ. ಮಾಳಿಗೆಯ ಮೇಲೆ ಮಣ್ಣು, ಮಣ್ಣಿನ ಮೇಲೆ ಹುಲ್ಲು. ಹೊಂಡದ ನೀರು ಆರದಂತೆ ಅದರ ಮೇಲೆ ಆಪು ಹುಲ್ಲಿನ ಚಾಪೆ ತೇಲಿಬಿಡುತ್ತೇವೆ. ಎಮ್ಮೆಗಳ ಕೋಡು ಬೆನ್ನಿನ ಉದ್ದಕ್ಕೂ ಹಿಂದಕ್ಕೆ ಚಾಚಿರುವುದರಿಂದ ಅವು ತಿರುಗಿದಲ್ಲಿ ತಾಗದಿರಲೆಂದು ನಮ್ಮ ಓಣಿಗಳೆಲ್ಲ ಬಾಗಿದ ಗೋಡೆಯವು. ಮಕ್ಕಳ ಶಾಲೆ ಹಾಲಿನ ಬಟ್ಟಲಿನಿಂದ ಶುರುವಾಗುತ್ತದೆ. ಬೇಳೆಕಾಳು ನಮ್ಮಲ್ಲಿ ಅಷ್ಟಕ್ಕಷ್ಟೇ, ಆ ಬಟ್ಟಲೇ ಅವರ ಎಲುಬು.

ಎಮ್ಮೆ ಗುರುತಿಲ್ಲದವರಿಗೆ ಹಾಲು ಇಳಿಸುವುದಿಲ್ಲ, ಇದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಹೆಂಡತಿ ತವರಿಗೆ ಹೋದಾಗ ಗಂಡ ಅವಳ ಸೀರೆ ಸುತ್ತಿಕೊಂಡು ಹಿಂಡಲು ಕೂರುತ್ತಿದ್ದನಂತೆ. ನೀವು ನಕ್ಕಿರಬಹುದು. ನಾವು ಇವತ್ತಿಗೂ ಅದನ್ನೇ ಮಾಡುತ್ತೇವೆ, ಸೀರೆ ಉಡುವುದು ಮಾತ್ರ ಯಂತ್ರ. ಪ್ರತಿ ಹಾಲಿನ ಯಂತ್ರದ ತೋಳಿಗೂ ಹಸಿರು ಮೈಯ, ಕೆಂಪು ದಡಿಯ ಬಟ್ಟೆ ಸುತ್ತಿರುತ್ತದೆ. ಅದೇ ಬಣ್ಣ, ಅದೇ ದಡಿ, ನೂರೈವತ್ತು ವರ್ಷಗಳಿಂದ. ಮತ್ತು ಬಟ್ಟೆಯ ಮರೆಯಿಂದ ಒಂದು ದನಿ ಬರುತ್ತದೆ. ಅದನ್ನು ನಾವು ಕರೆದನಿ ಎನ್ನುತ್ತೇವೆ. ನಲವತ್ತು ಸೆಕೆಂಡಿನದು. "ಬಾ ನನ್ನವ್ವ, ಇಳಿಸ ನನ್ನವ್ವ, ನಿನ್ನ ಕೂಸಿಗಿಷ್ಟು, ನನ್ನ ಕೂಸಿಗಿಷ್ಟು" ಎಂದು ಒಂದು ಹೆಂಗಸು ಗುನುಗುತ್ತಾಳೆ. ಎಮ್ಮೆಗಳು ಹುಟ್ಟಿದ ಗಳಿಗೆಯಿಂದ ಅದನ್ನು ಕೇಳುತ್ತವೆ. ನಾವೂ ಅಷ್ಟೇ. ಗೋಡೆಯಾಚೆ ಆ ದನಿ ಕೇಳುತ್ತಲೇ ನಾನು ತೊಟ್ಟಿಲಲ್ಲಿ ನಿದ್ದೆಹೋಗಿದ್ದೇನೆ.

ಅದಕ್ಕೆ ನಾವು ಇಟ್ಟ ಹೆಸರು ರಾಯಗೊಂಡಪ್ಪನ ಕರೆದನಿ. ಮೊದಲ ಏಳು ಎಮ್ಮೆಗಳ ಒಡೆಯ ಅವನು. ದ್ವಾರದಲ್ಲಿ ಅವನ ಕಲ್ಲಿನ ಮೂರ್ತಿ ಇದೆ, ಹುರಿಮೀಸೆ, ಕೈಯಲ್ಲಿ ಕೋಲು. ಕಾರ ಹುಣ್ಣಿಮೆಗೆ ಎಮ್ಮೆಗಳ ಕೋಡಿಗೆ ಕೆಮ್ಮಣ್ಣು ಹಚ್ಚಿ ಆ ಮೂರ್ತಿಯ ಮುಂದೆ ಹಾಯಿಸುತ್ತೇವೆ. ಮಾಲನಬಿ ಅವರೇ, ನನಗೀಗ ನಲವತ್ತಾರು ವರ್ಷ. ಹಟ್ಟಿಯ ದಾಖಲೆ ಕೋಣೆಯನ್ನು ಇಪ್ಪತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ರಾಯಗೊಂಡಪ್ಪನ ದನಿ ಹೆಂಗಸಿನದು ಏಕೆ ಎಂದು ಈ ಆರು ಸಾವಿರ ಜನರಲ್ಲಿ ಒಬ್ಬರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಕಿವಿಗೆ ಬೀಳುತ್ತಲೇ ಇದ್ದ ಮಾತು ಅಷ್ಟು ಕಾಲ ಹೇಗೆ ಕೇಳಿಸದೆ ಹೋಯಿತೋ.

ನನ್ನ ತಾಯಿ ಬಾಳವ್ವ ಮೂವತ್ತೊಂದು ವರ್ಷ ಕರುಗಳನ್ನು ಸಾಕಿದಳು. ಹಾಲು ಹಿಂಡಲು ಯಂತ್ರವಿದೆ, ಆದರೆ ಅಡ್ಡ ಸಿಕ್ಕ ಕರುವನ್ನು ತಿರುಗಿಸಿ ಎಳೆಯಲು ಇಂದಿಗೂ ಹೆಂಗಸಿನ ಮೊಣಕೈಯೇ ಬೇಕು. ಹುಟ್ಟಿ ಉಸಿರಾಡದ ಕರುವಿನ ಮೂಗಿಗೆ ಬಾಯಿಟ್ಟು ಊದಿ ಬದುಕಿಸುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಹಟ್ಟಿಯ ಪುಸ್ತಕ ತೆಗೆದು ನೋಡಿದೆ. ನನ್ನ ತಂದೆಯ ಹೆಸರಿನ ಮುಂದೆ 'ಪಾಲಕ' ಎಂದಿತ್ತು. ಅವನು ನೀರಿನ ಪಂಪು ನೋಡಿಕೊಳ್ಳುತ್ತಿದ್ದ. ತಾಯಿ 'ಪಾಲಕನ ಪರಿವಾರ' ಎಂಬ ಸಾಲಿನೊಳಗಿದ್ದಳು, ಹೆಸರಿಲ್ಲದೆ. ಪುಸ್ತಕವನ್ನು ಒರೆಸಿ ಕಪಾಟಿಗೆ ಇಟ್ಟೆ. ಅದು ನನ್ನ ಕೆಲಸವಾಗಿತ್ತು.

ಈ ವರ್ಷ ನೂರೈವತ್ತರ ಹಬ್ಬ. ಹಟ್ಟಿಯ ಮುಖ್ಯಸ್ಥ ಈರಭದ್ರ ಒಳ್ಳೆಯ ಮನುಷ್ಯ, ಅಚ್ಚುಕಟ್ಟಿನವನು. ಕರೆದನಿ ಹಳೆಯದಾಗಿ ಕರಕರ ಎನ್ನುತ್ತಿದೆ, ಹಬ್ಬಕ್ಕೆ ಅದನ್ನು ತೊಳೆದಿಡಿ ಎಂದು ಅಪ್ಪಣೆ ಕೊಟ್ಟ. ದನಿಕೋಣೆಯ ಇಬ್ಬರು ತಿಂಗಳುಗಟ್ಟಲೆ ಕುಳಿತು ತೊಳೆದರು. ಬಳೆಯ ಸದ್ದು ತೆಗೆದರು. ಮೂಗೆಳೆದದ್ದು, ಉಸಿರು ಬಿಟ್ಟದ್ದು, ನಡುನಡುವೆ ಕೆಮ್ಮಿದ್ದು, ಕುಕ್ಕರಗಾಲಿನಲ್ಲಿ ಮಗ್ಗಲು ಬದಲಿಸುವಾಗಿನ ಸೀರೆಯ ಸರಪರ, ಎಲ್ಲ ತೆಗೆದರು. ತೆಗೆದದ್ದನ್ನೆಲ್ಲ ಒಂದೆಡೆ ಸೇರಿಸಿ 'ಗದ್ದಲ' ಎಂದು ಹೆಸರು ಬರೆದು ನನ್ನ ಕೋಣೆಗೆ ಕಳಿಸಿದರು. ಉಳಿದ ದನಿ ಗಾಜಿನ ಬಟ್ಟಲಿನಷ್ಟು ಸ್ವಚ್ಛವಾಗಿತ್ತು. ಕೇಳಿ ನಾವೆಲ್ಲ ತಲೆದೂಗಿದೆವು.

ಮರುದಿನ ಬೆಳಗ್ಗೆ ಯಂತ್ರಗಳು ಆ ಹೊಸ ದನಿಯಲ್ಲಿ ಕರೆದವು. ಮುನ್ನೂರ ಹನ್ನೆರಡು ಎಮ್ಮೆಗಳಲ್ಲಿ ಒಂದೂ ಹಾಲು ಇಳಿಸಲಿಲ್ಲ. ಒದೆಯಲಿಲ್ಲ, ಕೂಗಲಿಲ್ಲ. ಯಾರೋ ಅಪರಿಚಿತರು ಒಳಗೆ ಬಂದರೆ ನೋಡುವಂತೆ ಯಂತ್ರಗಳನ್ನು ನೋಡುತ್ತ ನಿಂತವು. ಎರಡನೆಯ ದಿನಕ್ಕೆ ಕೆಚ್ಚಲು ಬಿಸಿಯಾಗಿ ಕಲ್ಲಿನಂತಾದವು. ಶಾಲೆಯಲ್ಲಿ ಬಟ್ಟಲುಗಳು ಬೋರಲಾಗಿ ಬಿದ್ದಿದ್ದವು. ಹಳೆಯ ದನಿಯನ್ನೇ ಮತ್ತೆ ಹಾಕೋಣವೆಂದರೆ ದನಿಕೋಣೆಯವರು ಅದರ ಮೇಲೆಯೇ ಹೊಸದನ್ನು ಬರೆದುಬಿಟ್ಟಿದ್ದರು. ಮೂರನೆಯ ದಿನ ಎಮ್ಮೆಗಳು ಮೆಲುಕು ಹಾಕುವುದನ್ನು ನಿಲ್ಲಿಸಿದವು. ಅಷ್ಟು ದೊಡ್ಡ ಕೊಟ್ಟಿಗೆಯಲ್ಲಿ ಮೆಲುಕಿನ ಸದ್ದೇ ಇಲ್ಲದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಾಲ್ಕನೆಯ ದಿನ ಬೆಳಕು ಹರಿದಾಗ ಎಲ್ಲವೂ ಮೂಡಲ ಗೋಡೆಗೆ ಮುಖಮಾಡಿ ನಿಂತಿದ್ದವು, ಕೋಡುಗಳೆಲ್ಲ ಒಂದೇ ಕಡೆಗೆ ಒರಗಿ, ಗಾಳಿಗೆ ಬಾಗಿದ ಜೋಳದ ದಂಟಿನಂತೆ. ಆ ಗೋಡೆಯ ಆಚೆ ಇರುವುದು ನನ್ನ ದಾಖಲೆ ಕೋಣೆ.

ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡು 'ಗದ್ದಲ'ವನ್ನು ಹಚ್ಚಿದೆ. ಅದರಲ್ಲಿ ಮಾತೇ ಇರಲಿಲ್ಲ. ಬಳೆ ತಾಗಿತು, ಉಸಿರು ಬಂತು, ಹೋಯಿತು. ಯಾರೋ ಕೆಮ್ಮಿದರು, ಸೆರಗಿನಿಂದ ಬಾಯಿ ಒರೆಸಿಕೊಂಡರು. ಅಷ್ಟರಲ್ಲಿ ಗೋಡೆಯಾಚೆ ಮಳೆ ಶುರುವಾದಂತೆ ಸದ್ದು. ಹೊರಗೆ ಬಂದು ನೋಡಿದೆ. ಯಂತ್ರಗಳನ್ನು ಯಾರೂ ಜೋಡಿಸಿರಲಿಲ್ಲ, ಯಾರೂ ಮುಟ್ಟಿರಲಿಲ್ಲ. ಮುನ್ನೂರ ಹನ್ನೆರಡು ಕೆಚ್ಚಲುಗಳಿಂದ ಹಾಲು ತಾನಾಗಿ ನೆಲಕ್ಕೆ ಸುರಿಯುತ್ತಿತ್ತು. ಗಟಾರದಲ್ಲಿ ಬೆಳ್ಳಗೆ ಹರಿಯುತ್ತಿತ್ತು.

ಅಂದಿನಿಂದ ಆ ಗದ್ದಲವನ್ನೇ ಎಲ್ಲ ಯಂತ್ರಗಳಿಗೂ ಹಾಕಿದ್ದಾರೆ. ನಾನು ಮಾತ್ರ ಅಲ್ಲಿಗೆ ನಿಲ್ಲಲಾರದೆ ಹೋದೆ. ನಲವತ್ತು ಸೆಕೆಂಡು ಎಲ್ಲಿಂದ ಬಂತೆಂದು ಹುಡುಕಿದೆ. ಹಟ್ಟಿಯ ಎಲ್ಲಕ್ಕಿಂತ ಹಳೆಯ ಪೆಟ್ಟಿಗೆಯಲ್ಲಿ ಹನ್ನೊಂದು ತಿಂಗಳ ಧ್ವನಿಮುದ್ರಿಕೆ ಸಿಕ್ಕಿತು. ಮೇಲೆ ಬರೆದಿತ್ತು: ಎಮ್ಮೆಗಳು ಏಳು, ಮಾಲೀಕ ರಾಯಗೊಂಡ, ಊರು ಕರಿಹೊಂಡ. ನಿಮ್ಮ ಕಾಲದ ಯಾವುದೋ ಸಂಸ್ಥೆಯವರು ಎಮ್ಮೆಯ ಮೆಲುಕು, ಕೆಮ್ಮು, ಬೆದೆ ಇವನ್ನೆಲ್ಲ ಕೇಳಿ ತಿಳಿಯಲೆಂದು ಶ್ರಾವಣದಲ್ಲಿ ಅವನ ಕೊಟ್ಟಿಗೆಯ ತೊಲೆಗೆ ಒಂದು ಡಬ್ಬಿ ಕಟ್ಟಿದ್ದರು. ಎಮ್ಮೆ ಕೆಮ್ಮಿದರೆ ದವಾಖಾನೆಗೆ ಅದು ತಾನೇ ಸುದ್ದಿ ಕಳಿಸುತ್ತಿತ್ತು. ನಾನು ಮೂರು ತಿಂಗಳು ಬೇರೆ ಕೆಲಸವಿಲ್ಲದೆ ಅದನ್ನು ಕೇಳಿದೆ.

ಅದರಲ್ಲಿ ರಾಯಗೊಂಡಪ್ಪನ ದನಿ ಬಹಳ ಕಡಿಮೆ. ದಿನವಿಡೀ ಇರುವುದು ಕರೆದನಿಯ ಆ ಹೆಂಗಸಿನದು, ಅವನ ಹೆಂಡತಿಯದು. ಸಗಣಿ ಬಾಚುವ ಸಲಿಕೆಯ ಕೆರೆತ, ಮೇವು ಕೊಚ್ಚುವ ಸದ್ದು, ಬಾನಿಗೆ ನೀರು ಸುರಿಯುವುದು, ಚರಿಗೆಯ ತಳಕ್ಕೆ ಬೀಳುವ ಮೊದಲ ಹಾಲಿನ ಚುರ್ ಎನ್ನುವ ಸದ್ದು, ಅದು ತುಂಬುತ್ತ ಬಂದಂತೆ ಮೆತ್ತಗಾಗುವುದು. ಎಮ್ಮೆಗಳನ್ನು ಅವಳು ಒಂದೊಂದೇ ಹೆಸರು ಹಿಡಿದು ಕರೆಯುತ್ತಾಳೆ. ಸುರಳಿ, ಕೆಂಚಿ, ಗೆಜ್ಜಿ. ಅವಳನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಗಂಡ "ಏ, ಕೇಳ್ತೇನ" ಎನ್ನುತ್ತಾನೆ. ಅತ್ತೆ "ಇಕಿ" ಎನ್ನುತ್ತಾಳೆ. ಮಗಳು "ಯವ್ವಾ" ಎನ್ನುತ್ತಾಳೆ. ಡೇರಿಯವರು ಹಾಲು ಅಳೆದು ರಾಯಗೊಂಡ ಎಂದು ಬರೆದುಕೊಳ್ಳುವುದು ಬಾಗಿಲಾಚೆ ಕೇಳುತ್ತದೆ. ಹನ್ನೊಂದು ತಿಂಗಳಲ್ಲಿ ಒಮ್ಮೆಯಾದರೂ ಯಾರಾದರೂ ಬಾಯಿತಪ್ಪಿಯಾದರೂ ಹೇಳಿಯಾರೆಂದು ಕಾದೆ. ಯಾರೂ ಹೇಳಲಿಲ್ಲ.

ದೀಪಾವಳಿಯ ಹೊತ್ತಿಗೆ ಅವಳಿಗೆ ಕೆಮ್ಮು ಹತ್ತಿತು. ಸಂಕ್ರಾಂತಿಗೆ ಅದು ಜೋರಾಯಿತು. ಸಂಜೆಯಾದರೆ ಮೈ ಕಾಯುತ್ತದೆ ಎಂದು ಗೆಜ್ಜಿಯ ಹತ್ತಿರ ಹೇಳಿಕೊಳ್ಳುತ್ತಾಳೆ, ಬೇರೆ ಯಾರ ಹತ್ತಿರವೂ ಅಲ್ಲ. ಆಗ ನಡೆದ ಒಂದು ಸಂಗತಿಯನ್ನು ನೀವು ಕೇಳಬೇಕು. ಡಬ್ಬಿ ಅವಳ ಕೆಮ್ಮನ್ನು ಕೇಳಿತು. ಸುರಳಿ ಎಂಬ ಎಮ್ಮೆಗೆ ಎದೆಯ ರೋಗ ಬಂದಿದೆ ಎಂದು ತಿಳಿದು ಸುದ್ದಿ ಕಳಿಸಿತು. ಅದೇ ಮಧ್ಯಾಹ್ನ ದನದ ಡಾಕ್ಟರು ಮೋಟರ್ ಸೈಕಲ್ ಮೇಲೆ ಬಂದರು. ರಾಯಗೊಂಡಪ್ಪ ಗಾಬರಿಯಿಂದ ಹೊಲ ಬಿಟ್ಟು ಓಡಿಬಂದ. ಡಾಕ್ಟರು ಸುರಳಿಯ ಪಕ್ಕೆಗೆ ಕಿವಿಗೊಟ್ಟು ಬಹಳ ಹೊತ್ತು ನೋಡಿದರು. "ಎಮ್ಮಿ ಆರಾಮ್ ಐತ್ರಿ" ಎಂದರು. ಅವರು ಹಾಗನ್ನುವಾಗ ಅವಳು ಎರಡು ಮಾರು ದೂರದಲ್ಲಿ ನಿಂತು ಎಮ್ಮೆಯ ಹಗ್ಗ ಹಿಡಿದುಕೊಂಡು ಕೆಮ್ಮುತ್ತಿದ್ದಳು. ಯಾರೂ ಹಿಂತಿರುಗಲಿಲ್ಲ. ಅವರೆಲ್ಲ ಹೋದ ಮೇಲೆ ಸಣ್ಣಗೆ ನಕ್ಕಳು. ಎಮ್ಮೆಗೆ ಹೇಳಿದಳು: "ನನ್ನ ಜಡ್ಡಿಗೆ ನಿನಗ ಸೂಜಿ ಚುಚ್ಚತಿದ್ರಲ್ಲ ಸುರಳೀ."

ಇದಾಗಿ ಕೆಲವು ದಿನಗಳಿಗೆ ಏನಾಯಿತೆಂದು ಬರೆಯಲೋ ಬೇಡವೋ ಎಂದು ಯೋಚಿಸಿದೆ. ಬರೆಯುತ್ತೇನೆ. ಒಂದು ಮುಂಜಾನೆ, ನನ್ನದೂ ಮುಂಜಾನೆಯೇ, ಕೋಣೆಯಲ್ಲಿ ಒಬ್ಬಳೇ ನಿಂತು ಕೇಳುತ್ತಿದ್ದೆ. ಅವಳು ಹಿಂಡುತ್ತಿದ್ದವಳು ನಿಲ್ಲಿಸಿದಳು. ಕೊಟ್ಟಿಗೆಯಲ್ಲಿ ಬೇರೆ ಹೆಜ್ಜೆ ಇಲ್ಲ, ಬೇರೆ ಉಸಿರಿಲ್ಲ, ಎಮ್ಮೆಗಳು ಮಾತ್ರ. ಅವಳು ಡಬ್ಬಿಯ ಕಡೆಗೆ ತಿರುಗಿದ್ದು ದನಿಯಲ್ಲೇ ಗೊತ್ತಾಯಿತು. "ನೀ ಯಾರ ಮಗಳವ್ವಾ?" ಎಂದು ಕೇಳಿದಳು. ಮಾತು ಅಷ್ಟು ಹತ್ತಿರ ಇತ್ತು. ನಾನು ಯೋಚಿಸದೆ, ಮನೆಗೆ ಬಂದ ಹಿರಿಯರಿಗೆ ಹೇಳುವಂತೆ, ನಾನು ಬಾಳವ್ವನ ಮಗಳು ಎಂದು ಬಾಯಿಬಿಟ್ಟು ಹೇಳಿಬಿಟ್ಟೆ. ಅವಳು ಕೇಳಿಸಿಕೊಂಡಂತೆ ಸುಮ್ಮನಿದ್ದು, "ಹಂಗಾದ್ರ ಕುಂದರವಾ" ಎಂದಳು. ಮತ್ತೆ ಹಿಂಡತೊಡಗಿದಳು.

ಅಲ್ಲೇ ಕುಳಿತೆ. ಆಮೇಲೆ ಅದೇ ಜಾಗವನ್ನು ಮತ್ತೆ ಮತ್ತೆ ಹಚ್ಚಿದೆ. ಅವಳ ಪ್ರಶ್ನೆಗೂ ಅವಳ ಮುಂದಿನ ಮಾತಿಗೂ ನಡುವಿನ ಮೌನ ನನ್ನ ತಾಯಿಯ ಹೆಸರು ಹೇಳಲು ಬೇಕಾಗುವಷ್ಟೇ ಉದ್ದವಿದೆ. ಅದು ನೂರಾ ಅರವತ್ತು ವರ್ಷಗಳಿಂದ ಅಷ್ಟೇ ಉದ್ದ ಇತ್ತು. ಅವಳು ಬೆಕ್ಕಿಗೋ ಕರುವಿಗೋ ಹಾಗೆ ಕೇಳಿರಬಹುದು. ನನಗೆ ಹೇಳಿಕೊಳ್ಳಲು ಸಮಾಧಾನವೇನೋ ಇದೆ. ಆದರೆ ಅಂದಿನಿಂದ ನಾನು ಧ್ವನಿಮುದ್ರಿಕೆಯನ್ನು ನಿಂತು ಕೇಳಿಲ್ಲ, ಕುಳಿತೇ ಕೇಳಿದ್ದೇನೆ.

ರೋಹಿಣಿ ಮಳೆಯ ಹೊತ್ತಿಗೆ ಅವಳ ದನಿ ನಿಂತಿತು. ಹಿಂದಿನ ಸಂಜೆಯೂ ಏಳೂ ಎಮ್ಮೆಗಳನ್ನು ಹಿಂಡಿದ್ದಳು, ನಡುನಡುವೆ ಗೋಡೆಗೆ ಆನಿಕೊಂಡು ದಮ್ಮು ತೆಗೆದುಕೊಳ್ಳುತ್ತ. ಮರುದಿನ ಬೆಳಗ್ಗೆ ಸಲಿಕೆಯ ಸದ್ದಿಲ್ಲ. ಮನೆಯೊಳಗಿಂದ ಹೆಂಗಸರ ಅಳು ಕೇಳಿಸಿತು. ಮೂರು ದಿನ ಎಮ್ಮೆಗಳು ಕೂಗಿದ್ದನ್ನು ನಾನು ಪೂರ್ತಿ ಕೇಳಲಾರದೆ ಹೋದೆ. ನಾಲ್ಕನೆಯ ದಿನ ಬಾಗಿಲು ತೆರೆಯಿತು. ಸೀರೆಯ ಸರಪರ, ಬಳೆಯ ಸದ್ದು ಇಲ್ಲ, ಹೆಜ್ಜೆ ಭಾರ. ರಾಯಗೊಂಡಪ್ಪ ಅವಳ ಸೀರೆ ಸುತ್ತಿಕೊಂಡು ಬಂದಿದ್ದ. ದನಿ ಸಣ್ಣದು ಮಾಡಿ "ಬಾ ನನ್ನವ್ವ, ಇಳಿಸ ನನ್ನವ್ವ" ಎಂದ. ಯಾವ ಎಮ್ಮೆಯೂ ಇಳಿಸಲಿಲ್ಲ. ಮುಂದಿನ ಮಾತು ಅವನಿಗೆ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಅವಳು ಅಂದದ್ದನ್ನು ಅವನು ಪೂರ್ತಿ ಕೇಳಿಸಿಕೊಂಡಿರಲಿಲ್ಲ. ಕೊನೆಗೆ ತನ್ನ ದನಿಯಲ್ಲೇ ಹೇಳಿದ: "ಅಕಿ ಹ್ಯಾಂಗ ಮಾಡ್ತಿದ್ಳು ಹೇಳಬಾರದೇನು? ನನಗ ಗೊತ್ತಿಲ್ಲ. ನಾ ನೋಡೇ ಇಲ್ಲ." ಎಮ್ಮೆಗಳಿಗೆ ಹೇಳಿದನೋ ಅವಳಿಗೋ ತಿಳಿಯದು. ಮೂರ್ತಿಯಲ್ಲಿ ಕಂಡ ಮನುಷ್ಯನ ಮೇಲೆ ನನಗೆ ಸಿಟ್ಟಿತ್ತು. ಆ ಮಾತು ಕೇಳಿದ ಮೇಲೆ ಅದು ಹಾಗೇ ಉಳಿಯಲಿಲ್ಲ.

ಒಂದು ತಿಂಗಳು ಅವನು ದಿನವೂ ಆ ಸೀರೆಯಲ್ಲಿ ಬಂದ. ಕೊನೆಗೆ ಸಂಸ್ಥೆಯವರು ಬಂದು ಏಳೂ ಎಮ್ಮೆಗಳನ್ನು ತಮ್ಮ ತಳಿ ಕೇಂದ್ರಕ್ಕೆ ಒಯ್ದರು. ಜೊತೆಗೆ ಅವನು ಆ ಸೀರೆಯನ್ನೂ ಡಬ್ಬಿಯನ್ನೂ ಕೊಟ್ಟುಬಿಟ್ಟ. ಎಮ್ಮೆಗಳು ಗೋಡೆಯೊಳಗೆ ಸೇರಿದ್ದು ಹಾಗೆ. ಆಮೇಲೆ ಗಂಟಲುಬೇನೆ ಬಂತು. ಅವಳು ಸತ್ತದ್ದರಿಂದ ಅವು ಉಳಿದವು. ಅವು ಉಳಿದದ್ದರಿಂದ ನಾವು ಇದ್ದೇವೆ.

ಇದನ್ನೆಲ್ಲ ಈರಭದ್ರನಿಗೆ ಹೇಳಿದೆ. ದ್ವಾರದ ಕಲ್ಲಿನ ಮೇಲೆ ಅವಳನ್ನು ಬರೆಸು, ಪುಸ್ತಕದಲ್ಲಿ ನನ್ನ ತಾಯಿಯಂಥವರನ್ನೂ ಬರೆಸು ಎಂದು ಕೇಳಿದೆ. ಅವನು ನಗಲಿಲ್ಲ, ಬೈಯಲೂ ಇಲ್ಲ. ನಿನ್ನ ತಾಯಿಯದು ಬರೆಯೋಣ, ಅವಳ ಹೆಸರು ನಿನಗೆ ಗೊತ್ತು ಎಂದ. ಅಂದೇ ಬರೆದ ಕೂಡ. ಆಮೇಲೆ ಪೆನ್ನು ಕೆಳಗಿಟ್ಟು, "ಆದ್ರ ಇಕಿನ್ನ ಏನಂತ ಬರೀಲಿ ಸಾವಂತ್ರಿ? ಹೆಸರ ಇಲ್ಲದಾಕಿನ್ನ ಕಲ್ಲಿನ ಮ್ಯಾಲ ಏನಂತ ಕೊರೀಲಿ?" ಎಂದು ಕೇಳಿದ. ರಾಯಗೊಂಡನ ಹೆಂಡತಿ ಎಂದು ಬರೆಯಬಹುದು ಎಂದೂ ಅಂದ. ನಾನು ಎದ್ದು ಬಂದೆ.

ಇನ್ನು ನಿಮ್ಮ ಬೆಳಗು. ದೀಪಾವಳಿ ಕಳೆದು ಒಂದು ವಾರಕ್ಕೆ ನೀವು ಆ ಅಂಗಳಕ್ಕೆ ಬರುತ್ತೀರಿ. ಡಬ್ಬಿಗೆ ನಿಮ್ಮ ಮಾತು ದೂರದಿಂದ ಕೇಳಿದೆ. ಮಾಲೀಕರು ಯಾರು ಎನ್ನುತ್ತೀರಿ. ಅವನು ತನ್ನ ಹೆಸರು ಹೇಳುತ್ತಾನೆ. ಎಮ್ಮೆಗಳನ್ನು ನೋಡಿಕೊಳ್ಳುವವರು ಯಾರು ಎನ್ನುತ್ತೀರಿ. ನಾನೇ ಎನ್ನುತ್ತಾನೆ. ಮನೆಯವರು ಏನು ಮಾಡುತ್ತಾರೆ ಎಂದು ಕೇಳುತ್ತೀರಿ. "ಅಕಿ ಏನ್ ಮಾಡ್ತಾಳ್ರೀ, ಮನ್ಯಾಗ ಇರ್ತಾಳ" ಎನ್ನುತ್ತಾನೆ. ಸುಳ್ಳು ಹೇಳುವವನ ದನಿಯಲ್ಲ ಅದು, ಅವನಿಗೆ ಹಾಗೇ ತಿಳಿದಿದೆ. ಆ ಹೊತ್ತಿಗೆ ಅವಳು ಕೊಟ್ಟಿಗೆಯಲ್ಲಿ ಕೆಂಚಿಯನ್ನು ಹಿಂಡುತ್ತಿದ್ದಾಳೆ. ಆ ಮಾತು ಕೇಳಿ ಚರಿಗೆಗೆ ಬೀಳುವ ಹಾಲಿನ ಸದ್ದು ನಿಲ್ಲುತ್ತದೆ. ಮೂರು ಉಸಿರಿನಷ್ಟು ಹೊತ್ತು. ಮತ್ತೆ ಶುರುವಾಗುತ್ತದೆ.

ಆಮೇಲೆ ನೀವು ಚೀಲದ ಜಿಪ್ಪು ಎಳೆಯುತ್ತೀರಿ. ಒಂದು ಕಾಗದ ಬಿಚ್ಚಿದ ಸದ್ದು. ಎಣಿಕೆಯ ಹಾಳೆಯಲ್ಲ ಅದು, ಅದು ಮೊದಲೇ ನಿಮ್ಮ ಕೈಯಲ್ಲಿತ್ತು. ಬೇರೆ ಏನೋ. ನೀವು ಅದನ್ನು ಓದುತ್ತೀರಿ. ನಿಮ್ಮ ಹೊಸ ಚಪ್ಪಲಿ ಕೊಟ್ಟಿಗೆಯ ಕಡೆಗೆ ಕಿರ್ ಕಿರ್ ಎನ್ನುತ್ತ ಬರುತ್ತದೆ. ನಾಲ್ಕು ಹೆಜ್ಜೆ. ಬಾಗಿಲ ಬಳಿ ನಿಲ್ಲುತ್ತದೆ. ಒಳಗೆ ಅವಳು ಕೆಮ್ಮುತ್ತಾಳೆ. ಆಮೇಲೆ ಚಪ್ಪಲಿಯ ಸದ್ದು ಹಿಂದಕ್ಕೆ ಹೋಗುತ್ತದೆ. ಮುಂದಿನ ಮನೆಗೆ ಹೊತ್ತಾಯಿತೆಂದು ಹೇಳಿ ಹೋಗಿಬಿಡುತ್ತೀರಿ.

ನಿಮ್ಮನ್ನು ದೂರುತ್ತಿಲ್ಲ. ಯಾವ ಕಾಗದ ಅದು ಎಂದು ಮಾತ್ರ ಕೇಳುತ್ತಿದ್ದೇನೆ. ಈ ಪತ್ರವನ್ನು ನಿಮ್ಮವರೆಗೆ ಮುಟ್ಟಿಸುವ ಯಾವ ದಾರಿಯೂ ನನಗೆ ತಿಳಿದಿಲ್ಲ. ಬರೆದು ಮುಗಿಸಿ, ಆ ಹಳೆಯ ಪೆಟ್ಟಿಗೆಯಲ್ಲಿ, ಡಬ್ಬಿಯ ಪಕ್ಕ ಇಡುತ್ತೇನೆ. ಅಷ್ಟೇ ನನ್ನ ಕೈಯಲ್ಲಿರುವುದು. ಆದರೂ ಕಾಗದ ಬಿಚ್ಚಿದ ಆ ಸದ್ದು ಮೂರು ಮಡಿಕೆಯದು. ಇದನ್ನು ಪೆಟ್ಟಿಗೆಗೆ ಹೊಂದಿಸಬೇಕಾದರೆ ಮೂರು ಮಡಿಕೆ ಹಾಕಬೇಕು. ನೀವು ಇದನ್ನು ಓದಿಯೂ ಒಮ್ಮೆ ಹಿಂತಿರುಗಿದ್ದೀರಿ ಎಂದೇ ನನಗೆ ಅನ್ನಿಸುತ್ತದೆ. ಬಹುಶಃ ಆಗಿನ ಪತ್ರದಲ್ಲಿ ನಾನು ಅವಳ ಹೆಸರನ್ನಷ್ಟೇ ಕೇಳಿದ್ದೆನೇನೋ.

ಈ ಸಲ ಹೆಸರು ಆಮೇಲೆ ಕೇಳಿ. ನೀವು ಬಾಗಿಲಲ್ಲಿ ನಿಂತ ದಿನ ಅವಳ ಕೆಮ್ಮಿಗೆ ಇನ್ನೂ ಎರಡು ವಾರವಾಗಿಲ್ಲ. ನಿಮ್ಮ ಕಾಲದ ದವಾಖಾನೆಗಳಲ್ಲಿ ಅದಕ್ಕೆ ಔಷಧ ಇದೆ, ಪುಸ್ತಕಗಳಲ್ಲಿ ಓದಿದ್ದೇನೆ. ಅವಳು ಬದುಕಿದರೆ ಎಮ್ಮೆಗಳು ಅವಳ ಕೊಟ್ಟಿಗೆಯಲ್ಲೇ ಇರುತ್ತವೆ, ತಳಿ ಕೇಂದ್ರದ ಗೋಡೆಯೊಳಗೆ ಹೋಗುವುದಿಲ್ಲ, ಬೇನೆ ಬಂದಾಗ ಬೇರೆ ಎಮ್ಮೆಗಳ ಜೊತೆ ಅವೂ ಸಾಯುತ್ತವೆ. ಅದು ನನಗೆ ತಿಳಿಯದೆ ಬರೆಯುತ್ತಿಲ್ಲ. ಇದನ್ನು ಈರಭದ್ರನಿಗೆ ತೋರಿಸಿಲ್ಲ. ಹೊರಗೆ ಶಾಲೆಯ ಮಕ್ಕಳು ಬಟ್ಟಲು ಹಿಡಿದು ಸಾಲಾಗಿ ಕುಳಿತಿದ್ದಾರೆ, ಅವರ ಮುಖ ನೋಡಿದರೆ ಬರೆಯಲಾಗುವುದಿಲ್ಲವೆಂದು ಕಿಟಕಿಗೆ ಬೆನ್ನು ಮಾಡಿ ಕುಳಿತಿದ್ದೇನೆ. ನಿಮಗೆ ಹತ್ತು ವರ್ಷ ಸಮಯವಿದೆ. ಬೇನೆ ಬರುತ್ತದೆಂದು ಈಗಲೇ ಗೊತ್ತಾಗಿದೆ. ಎಮ್ಮೆಗಳ ಗಂಟಲಿಗೆ ಮೊದಲು ಕೈಯಿಟ್ಟು ಬಾವು ಕಂಡುಹಿಡಿಯುವುದು ಅವಳಂಥವಳೇ. ಅವಳು ಬದುಕಿದ್ದರೆ ಕಂಡುಹಿಡಿದಾಳು, ಹೇಳಿಯಾಳು. ನೀವು ಕೇಳಿಸಿಕೊಳ್ಳಿ, ಬರೆದುಕೊಳ್ಳಿ, ದವಾಖಾನೆಯವರಿಗೆ ಅವಳ ಮಾತನ್ನೇ ಹೇಳಿ. ಹಾಗಾದರೆ ನಾವೂ ಬೇರೆ ಯಾವುದೋ ದಾರಿಯಿಂದ ಹುಟ್ಟಿಯೇವು. ಹುಟ್ಟದಿದ್ದರೆ, ಒಬ್ಬಳ ಸಾವನ್ನು ಉಂಡು ಬೆಳೆದವರು ನಾವು, ಇಷ್ಟು ವರ್ಷ ಬದುಕಿದ್ದು ಸಾಕು.

ಒಳಗೆ ಹೋಗಿ. ಅವನ ಅಪ್ಪಣೆಗೆ ಕಾಯಬೇಡಿ. ಚರಿಗೆ ತುಂಬುವವರೆಗೆ ಮಾತ್ರ ಕಾಯಿರಿ, ಅರ್ಧಕ್ಕೆ ಎಬ್ಬಿಸಿದರೆ ಅವಳು ಬರುವುದಿಲ್ಲ. ಒಂಬತ್ತೂಕಾಲಿಗೆ ಗೋಕಾಕಿಗೆ ಹೋಗುವ ಬಸ್ಸು ಕರಿಹೊಂಡದ ತಿರುವಿನಲ್ಲಿ ಎರಡು ಸಲ ಹಾರ್ನ್ ಹೊಡೆಯುತ್ತದೆ. ಧ್ವನಿಮುದ್ರಿಕೆಯಲ್ಲಿ ದಿನವೂ ಕೇಳುತ್ತದೆ. ಒಂದು ದಿನವೂ ಅವಳು ಅದನ್ನು ಹತ್ತಲಿಲ್ಲ. ಅವಳನ್ನು ಹತ್ತಿಸಿ. ಕಿಟಕಿಯ ಪಕ್ಕ ಕೂಡಿಸಿ, ಗಾಳಿ ಆಡಲಿ.

ಸಾವಂತ್ರಿ